ಓಡುತ್ತಿರುವ ಎಸ್‌ಯುವಿ ಇದ್ದಕ್ಕಿದ್ದಂತೆ ಆಫ್ ಆದರೆ: ಫ್ಯೂಯೆಲ್ ಪಂಪ್ ದೋಷ ಹಿಡಿಯುವುದರಿಂದ ದೂರು ಕೊಡುವವರೆಗೆ

ಎಸ್‌ಯುವಿ ಮಾಲೀಕರ ಒಂದು ದೂರು ಎಲ್ಲ ಕಡೆಯೂ ಒಂದೇ ತರಹ ಕೇಳಿಸುತ್ತದೆ. ಓಡುತ್ತಿದ್ದ ಗಾಡಿ ಎಳೆತ ಕಳೆದುಕೊಂಡು ಆಫ್ ಆಯಿತು. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಎಂಬಂತೆ ಓಡಿತು. ಸರ್ವಿಸ್ ಸೆಂಟರ್‌ಗೆ ಒಯ್ದರೆ ‘ನಾವು ಓಡಿಸಿ ನೋಡಿದೆವು ಸರ್, ಏನೂ ತೊಂದರೆ ಇಲ್ಲ’ ಎಂದರು. ಒಂದು ವಾರಕ್ಕೆ ಮತ್ತೆ ಅದೇ ಕಥೆ.

ಹೆಚ್ಚಿನ ಸಲ ಇಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ದೋಷ ಬಂದು ಹೋಗುವಂಥದ್ದು, ಅಷ್ಟೇ. ತಣ್ಣಗಿರುವ ಗಾಡಿಯನ್ನು ಬೆಳಿಗ್ಗೆ ಎರಡು ಕಿಲೋಮೀಟರ್ ಓಡಿಸಿ ನೋಡಿದರೆ ಅದು ಕಾಣುವುದೇ ಇಲ್ಲ. ಹಾಗಾಗಿ ಗಾಡಿ ಆಫ್ ಆದ ಆ ಹೊತ್ತಿನ ಸಾಕ್ಷಿ ನಿಮ್ಮ ಕೈಯಲ್ಲಿರಬೇಕು. ಅದಿದ್ದರೆ ರಿಪೇರಿಯೂ ಸರಿಯಾಗುತ್ತದೆ, ದೂರೂ ನಿಲ್ಲುತ್ತದೆ. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ರಸ್ತೆಯ ಮೇಲೆ ಆಫ್ ಆದ ಕ್ಷಣ

ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ. ಇಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗಬಹುದು, ಆದರೆ ತಿರುಗುತ್ತದೆ. ಎರಡೂ ಕೈ ಹಾಕಿ ಬಲವಾಗಿ ತಿರುಗಿಸಿ. ಬ್ರೇಕ್ ಬೂಸ್ಟರ್‌ನಲ್ಲಿ ಉಳಿದಿರುವ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟಕ್ಕೆ ಮಾತ್ರ ಸಾಕಾಗುತ್ತದೆ. ಆದ್ದರಿಂದ ಬ್ರೇಕನ್ನು ಪದೇಪದೇ ಒತ್ತಿ ಬಿಡಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ಎಡಕ್ಕೆ ತನ್ನಿ.

ಗಾಡಿ ಉರುಳುತ್ತಿರುವಾಗ ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ಹಿಂದೆ ಗಾಡಿಗಳು ಬರುತ್ತಿದ್ದು ಮುಂದೆ ಜಾಗ ಇದ್ದರೆ ನ್ಯೂಟ್ರಲ್‌ಗೆ ತಂದು ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಆಟೋಮ್ಯಾಟಿಕ್ ಗಾಡಿಯಲ್ಲೂ ‘ಎನ್’ನಲ್ಲಿ ಸ್ಟಾರ್ಟ್ ಆಗುತ್ತದೆ. ಆಗಲಿಲ್ಲವೇ, ಬಿಟ್ಟುಬಿಡಿ. ಬದಿಗೆ ತರುವುದೇ ಮುಖ್ಯ.

ನಿಂತ ಮೇಲೆ ಎಲ್ಲರೂ ಎಡಗಡೆಯ ಬಾಗಿಲಿನಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಿ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಯ ಒಳಗೆ ಕೂತಿರುವುದು ತುಂಬಾ ಅಪಾಯ, ರಾತ್ರಿಯಂತೂ ಬೇಡವೇ ಬೇಡ. ಕೆಂಪು ತ್ರಿಕೋನದ ಫಲಕವನ್ನು ಸಾಕಷ್ಟು ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ, ತುರ್ತು ಇದ್ದರೆ 112. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ. ಏರಿನಲ್ಲಿ ಮೊದಲ ಗೇರ್, ಇಳಿಜಾರಿನಲ್ಲಿ ರಿವರ್ಸ್ ಗೇರ್, ಆಟೋಮ್ಯಾಟಿಕ್ ಆದರೆ ‘ಪಿ’. ಜೊತೆಗೆ ಚಕ್ರಕ್ಕೆ ಕಲ್ಲು ಕೊಡಿ.

ಪಂಪ್ ಯಾಕೆ ಕೈಕೊಡುತ್ತದೆ

ಪೆಟ್ರೋಲ್ ಗಾಡಿಯಲ್ಲಿ ಫ್ಯೂಯೆಲ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ. ಅದರಲ್ಲಿ ಒಂದು ಸಣ್ಣ ಮೋಟರ್, ಅದು ತಿರುಗಿಸುವ ಒಂದು ಪ್ಲಾಸ್ಟಿಕ್ ಚಕ್ರ. ಈ ಚಕ್ರಕ್ಕೆ ಇಂಪೆಲ್ಲರ್ ಅಂತಾರೆ. ಸಾಮಾನ್ಯ ಪೆಟ್ರೋಲ್ ಇಂಜಿನ್ನಿಗೆ ಮೂರರಿಂದ ನಾಲ್ಕು ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುವುದು ಇದರ ಕೆಲಸ. ಮೋಟರ್ ಬಿಸಿಯಾಗದಂತೆ ನೋಡಿಕೊಳ್ಳುವುದೂ ಅದರ ಮೂಲಕ ಹರಿಯುವ ಪೆಟ್ರೋಲೇ.

ಈ ಪುಟ್ಟ ಚಕ್ರ ಎಷ್ಟು ದೊಡ್ಡ ತೊಂದರೆ ತಂದಿತು ಎಂಬುದಕ್ಕೆ ಬಿಡಿಭಾಗ ತಯಾರಿಸುವ ಜಪಾನಿನ ಡೆನ್ಸೊ ಕಂಪನಿಯ ಪಂಪುಗಳ ಪ್ರಕರಣ ನೋಡಬೇಕು. 2020ರ ಜನವರಿಯಲ್ಲಿ ಟೊಯೋಟ ಅಮೆರಿಕದಲ್ಲಿ ಸುಮಾರು 7 ಲಕ್ಷ ಗಾಡಿಗಳನ್ನು ದೋಷ ಸರಿಪಡಿಸಲು ವಾಪಸ್ ಕರೆಯಿತು. ಇದಕ್ಕೇ ರೀಕಾಲ್ ಅಂತಾರೆ. ಅದರಲ್ಲಿ ಲ್ಯಾಂಡ್ ಕ್ರೂಸರ್, ಫೋರ್‌ರನ್ನರ್, ಲೆಕ್ಸಸ್ ಜಿಎಕ್ಸ್‌ನಂಥ ಎಸ್‌ಯುವಿಗಳೂ ಇದ್ದವು. ಅದೇ ವರ್ಷದ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ ಲೆಕ್ಕ ಸುಮಾರು 58 ಲಕ್ಷಕ್ಕೆ ಏರಿತು. 2023ರ ಡಿಸೆಂಬರ್‌ನಲ್ಲಿ ಹೋಂಡಾ ಅಮೆರಿಕದಲ್ಲಿ ಇನ್ನೂ ಸುಮಾರು 25 ಲಕ್ಷ ಗಾಡಿಗಳನ್ನು ಕರೆಯಿತು. ಕಾರಣ ಹೆಚ್ಚುಕಡಿಮೆ ಒಂದೇ. ಇಂಪೆಲ್ಲರ್ ಅಚ್ಚು ಹಾಕುವಾಗ ಪ್ಲಾಸ್ಟಿಕ್ ಸಾಕಷ್ಟು ಗಟ್ಟಿಯಾಗಿ ಕೂತಿರಲಿಲ್ಲ. ಅಂಥ ಚಕ್ರ ಇಂಧನ ಹೀರಿಕೊಂಡು, ಮಳೆಗಾಲದ ಮರದ ಬಾಗಿಲಿನ ಹಾಗೆ ಉಬ್ಬಿ, ಪಂಪಿನ ಗೋಡೆಗೆ ಉಜ್ಜತೊಡಗುತ್ತದೆ. ಮೊದಮೊದಲು ಒತ್ತಡ ಕಮ್ಮಿಯಾಗುತ್ತದೆ. ಕೊನೆಗೆ ಚಕ್ರ ಸಿಕ್ಕಿಕೊಂಡು ನಿಲ್ಲುತ್ತದೆ.

ಬಿಸಿಗೂ ಕಮ್ಮಿ ಪೆಟ್ರೋಲಿಗೂ ಇರುವ ನಂಟನ್ನು 2025ರ ಜುಲೈನ ಫೋರ್ಡ್ ಪ್ರಕರಣ ತೋರಿಸಿತು. ಅಮೆರಿಕದಲ್ಲಿ ಸುಮಾರು 8.5 ಲಕ್ಷ ಗಾಡಿಗಳ ರೀಕಾಲ್ ಅದು. ಎಕ್ಸ್‌ಪ್ಲೋರರ್, ಬ್ರಾಂಕೊ, ಎಕ್ಸ್‌ಪೆಡಿಶನ್ ಎಲ್ಲ ಸೇರಿದ್ದವು. ಬಿಸಿಲು ಜೋರಾಗಿದ್ದಾಗ, ಟ್ಯಾಂಕಿನಲ್ಲಿ ಇಂಧನ ಕಮ್ಮಿ ಇದ್ದಾಗ ಗಾಡಿ ಆಫ್ ಆಗುವ ಸಾಧ್ಯತೆ ಜಾಸ್ತಿ ಎಂದು ಕಂಪನಿಯೇ ಹೇಳಿತು. ಕಾಲು ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದು ಸುಮ್ನೆ ಅಲ್ಲ.

ದುಡ್ಡು ಬಿಚ್ಚುವ ಮೊದಲು ರೀಕಾಲ್ ನೋಡಿ

ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ ಇದು. ರೀಕಾಲ್ ಇದ್ದರೆ ಪಂಪ್ ಬದಲಾವಣೆ ಉಚಿತ. ವಾರಂಟಿ ಮುಗಿದಿದ್ದರೂ ಉಚಿತ.

ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇದೆ, 17 ಅಕ್ಷರ-ಅಂಕಿಗಳದ್ದು. ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಪುಟ ಹುಡುಕಿ ಅದನ್ನು ಹಾಕಿ ನೋಡಿ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ ವೆಬ್‌ಸೈಟಿನಲ್ಲೂ ರೀಕಾಲ್‌ಗಳ ಪಟ್ಟಿ ಇದೆ. ಬರೀ ಮಾಡೆಲ್ ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಮಾಡೆಲಿನ ಕೆಲವು ತಿಂಗಳ ಗಾಡಿಗಳು ಮಾತ್ರ ರೀಕಾಲ್‌ನಲ್ಲಿ ಇರುವುದೇ ಹೆಚ್ಚು.

ಭಾರತದಲ್ಲಿ ಹೋಂಡಾ ಇದೇ ಪಂಪಿಗಾಗಿ 2020ರ ಜೂನ್‌ನಲ್ಲಿ 65,651, 2021ರ ಏಪ್ರಿಲ್‌ನಲ್ಲಿ 77,954, 2024ರ ಅಕ್ಟೋಬರ್‌ನಲ್ಲಿ 90,468 ಗಾಡಿಗಳನ್ನು ಕರೆಯಿತು. ಕೊನೆಯ ಪಟ್ಟಿಯಲ್ಲಿ ಸಿಟಿ, ಅಮೇಜ್ ಜೊತೆಗೆ ಬಿಆರ್-ವಿ, ಡಬ್ಲ್ಯುಆರ್-ವಿ, ಸಿಆರ್-ವಿ ಕೂಡ ಇದ್ದವು. ಆ 90,468ರಲ್ಲಿ 2,204 ಗಾಡಿಗಳಿಗೆ ಈ ಪಂಪ್ ಮೊದಲೇ ಬಿಡಿಭಾಗವಾಗಿ ಬಂದು ಕೂತಿತ್ತು. ಅಂದರೆ ‘ಪಂಪ್ ಹೋದ ವರ್ಷವೇ ಹೊಸದು ಹಾಕಿಸಿದ್ದೇನೆ’ ಎಂದು ನಿಶ್ಚಿಂತೆಯಾಗಿ ಕೂರುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಇನ್ನೂ ಹುಷಾರಾಗಿರಬೇಕು. ರೀಕಾಲ್ ಪತ್ರ, ಮೆಸೇಜ್ ಎಲ್ಲ ಹಳೆಯ ಮಾಲೀಕರಿಗೆ ಹೋಗಿರುತ್ತದೆ. ನೀವಾಗಿಯೇ ನೋಡದಿದ್ದರೆ ನಿಮಗೆ ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಚಾಸಿಸ್ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್ ತಕ್ಷಣ ಕಾಣುತ್ತದೆ. ದೂರನ್ನೂ ಅಲ್ಲೇ ದಾಖಲಿಸಬಹುದು.

ಪಂಪೇ ಹೌದಾ, ಬೇರೆ ಏನಾದರೂನಾ?

ಆಫ್ ಆದ ಗಾಡಿಗಳೆಲ್ಲದರ ತಪ್ಪು ಪಂಪಿನದಲ್ಲ. ಅಂದಾಜಿನ ಮೇಲೆ ಪಂಪ್ ಬದಲಾಯಿಸಿ ಸಾವಿರಗಟ್ಟಲೆ ಕಳೆದುಕೊಳ್ಳುವವರು ತುಂಬಾ ಜನ.

ಪಂಪ್ ಸೋಲುತ್ತಿರುವ ಗಾಡಿ ಸಾಮಾನ್ಯವಾಗಿ ಮೊದಲೇ ಸೂಚನೆ ಕೊಡುತ್ತದೆ. ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಪಿಕಪ್ ಸಿಗದೆ ಜಗ್ಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಮೊದಲಿಗಿಂತ ಜಾಸ್ತಿ ಹೊತ್ತು ತಿರುಗಿಸಬೇಕಾಗುತ್ತದೆ. ಹಿಂದಿನ ಸೀಟಿನ ಕೆಳಗಿಂದ ಕೊಯ್ಯೆಂದು ಸದ್ದು ಬರುತ್ತದೆ. ಬಿಸಿಯಾದಾಗ ಆಫ್ ಆಗಿ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಸ್ಟಾರ್ಟ್ ಆಗದೆ ನಿಂತಾಗ ಒಂದು ಪರೀಕ್ಷೆ ಮಾಡಿ: ಎಸಿ, ಮ್ಯೂಸಿಕ್ ಎಲ್ಲ ನಿಲ್ಲಿಸಿ, ಕೀ ‘ಆನ್’ ಮಾತ್ರ ಮಾಡಿ, ಹಿಂದಿನ ಸೀಟಿನ ಹತ್ತಿರ ಕಿವಿಗೊಡಿ. ಬಹಳಷ್ಟು ಪೆಟ್ರೋಲ್ ಗಾಡಿಗಳಲ್ಲಿ ಒಂದೆರಡು ಸೆಕೆಂಡ್ ಗುಂಯ್ ಎಂಬ ಸದ್ದು ಕೇಳಬೇಕು. ನಿಮ್ಮ ಗಾಡಿ ಚೆನ್ನಾಗಿರುವಾಗಲೇ ಈ ಸದ್ದು ಹೇಗಿರುತ್ತದೆ ಎಂದು ಕೇಳಿಟ್ಟುಕೊಂಡರೆ ಕೆಟ್ಟಾಗ ವ್ಯತ್ಯಾಸ ಗೊತ್ತಾಗುತ್ತದೆ.

ಸದ್ದು ಇಲ್ಲ ಅಂದ ಮಾತ್ರಕ್ಕೆ ಪಂಪ್ ಸತ್ತಿದೆ ಎಂದೂ ಅಲ್ಲ. ಅದಕ್ಕೆ ಕರೆಂಟೇ ಬಂದಿರಲಿಕ್ಕಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 1.89 ಲಕ್ಷ ಜೀಪ್ ಗ್ರ್ಯಾಂಡ್ ಚೆರೋಕಿ ಮತ್ತು ಡಾಜ್ ಡುರಾಂಗೊ ಗಾಡಿಗಳು ರೀಕಾಲ್ ಆದವು. ಅವು 2011ರ ಮಾಡೆಲ್‌ಗಳು. ಅಲ್ಲಿ ದೋಷ ಪಂಪಿಗೆ ಕರೆಂಟ್ ಕೊಡುವ ರಿಲೇಯಲ್ಲಿತ್ತು. ಬಿಸಿಗೆ ರಿಲೇ ರೂಪ ಕೆಟ್ಟು ಪಂಪಿಗೆ ಕರೆಂಟ್ ತಪ್ಪುತ್ತಿತ್ತು. ಕಂಪನಿ ರಿಲೇಯನ್ನು ಫ್ಯೂಸ್-ರಿಲೇಗಳ ಪೆಟ್ಟಿಗೆಯಿಂದ ಹೊರಗೆ, ಬೇರೆ ಕಡೆ ಕೂರಿಸಿಕೊಟ್ಟಿತು. ಅಂಥ ಗಾಡಿಗೆ ಎಷ್ಟು ಪಂಪ್ ಬದಲಾಯಿಸಿದರೂ ಪ್ರಯೋಜನ ಇರಲಿಲ್ಲ. ಆದ್ದರಿಂದ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಪಂಪಿನ ಕನೆಕ್ಟರ್‌ನಲ್ಲಿ ವೋಲ್ಟೇಜ್, ಅರ್ಥ್ ವೈರ್. ಇವೆಲ್ಲ ಸರಿ ಇದ್ದ ಮೇಲೆಯೇ ಟ್ಯಾಂಕಿಗೆ ಕೈ ಹಾಕಬೇಕು.

ಪಂಪಿನ ವೇಷದಲ್ಲಿ ಬರುವ ಬೇರೆ ದೋಷಗಳೂ ಇವೆ. ಜಗ್ಗಾಟ ಏನೂ ಇಲ್ಲದೆ ಸ್ವಿಚ್ ಆರಿಸಿದಂತೆ ಒಮ್ಮೆಲೇ ಆಫ್ ಆಗಿ, ಮತ್ತೆ ಸ್ಟಾರ್ಟ್ ಮಾಡುವಾಗ ಆರ್‌ಪಿಎಂ ಮುಳ್ಳು ಅಲುಗಾಡದಿದ್ದರೆ ಇಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರ್‌ಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ. ಅದೂ ಬಿಸಿಗೆ ಕೆಟ್ಟು ತಂಪಿಗೆ ಸರಿಯಾಗುತ್ತದೆ, ಅದಕ್ಕೇ ಗೊಂದಲ. ಡ್ಯಾಶ್‌ಬೋರ್ಡ್ ದೀಪಗಳೂ ಸೇರಿ ಎಲ್ಲ ಆರಿದರೆ ಬ್ಯಾಟರಿ ಟರ್ಮಿನಲ್ ಸಡಿಲವಾಗಿದೆಯೇ ನೋಡಿ. ಸಿಗ್ನಲ್‌ನಲ್ಲಿ ಐಡಲ್ ಇದ್ದಾಗ ಮಾತ್ರ ಆಫ್ ಆದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕೊಳೆ ಇರಬಹುದು. ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ತೊಂದರೆ ಬಂದರೆ ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ಇಂಧನದ್ದೇ ತಪ್ಪು ಅನ್ನಿಸಿದರೆ ಹಾಕಿಸಿದ ಬಂಕಿನ ಬಿಲ್ ಇಟ್ಟುಕೊಳ್ಳಿ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ, ಡೆನ್ಸಿಟಿ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಎಳೆದುಕೊಳ್ಳುತ್ತದೆ. ಹಳೆಯ ಗಾಡಿಯಾದರೆ ಮ್ಯಾನುಯಲ್‌ನಲ್ಲಿ ಎಷ್ಟು ಎಥನಾಲ್‌ವರೆಗೆ ಸರಿ ಎಂದು ಬರೆದಿದೆ ನೋಡಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಹಾಗೇ ಬಿಡಬೇಡಿ.

ಡೀಸೆಲ್ ಎಸ್‌ಯುವಿ ಇರುವವರಿಗೆ ಒಂದು ಮಾತು. ಡೀಸೆಲ್‌ನಲ್ಲಿ ಮೊದಲ ಅನುಮಾನ ಫಿಲ್ಟರ್ ಮೇಲೆ, ನೀರಿನ ಮೇಲೆ, ಪೈಪಿನಲ್ಲಿ ಸೇರಿದ ಗಾಳಿಯ ಮೇಲೆ. ಫಿಲ್ಟರ್ ಬಿಚ್ಚಿದಾಗ ಹೊಳೆಯುವ ಲೋಹದ ಪುಡಿ ಕಂಡರೆ ಹೈ ಪ್ರೆಶರ್ ಪಂಪ್ ಒಳಗೇ ಸವೆಯುತ್ತಿದೆ ಎಂದರ್ಥ. ಆಗ ಗಾಡಿ ಓಡಿಸಬೇಡಿ, ಆ ಪುಡಿ ಇಂಜೆಕ್ಟರ್‌ಗಳನ್ನೂ ತಿನ್ನುತ್ತದೆ. ಇಂಜಿನ್ ಓಡುತ್ತಿರುವಾಗ ಡೀಸೆಲ್ ಪೈಪಿನ ನಟ್ ಸಡಿಲಿಸಿ ನೋಡುವ ಹಳೆಯ ಅಭ್ಯಾಸವನ್ನು ಈಗಿನ ಗಾಡಿಗಳಲ್ಲಿ ಯಾವತ್ತೂ ಮಾಡಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಸಾಕ್ಷಿ ಕೂಡಿಸಿ

ಗಾಡಿ ಆಫ್ ಆಗಿ ನೀವೆಲ್ಲ ಸುರಕ್ಷಿತವಾಗಿ ಬದಿಗೆ ಬಂದ ಮೇಲೆ ಫೋನ್ ತೆಗೆಯಿರಿ. ಡ್ಯಾಶ್‌ಬೋರ್ಡಿನ ವಿಡಿಯೊ ಮಾಡಿ. ಅದರಲ್ಲಿ ಉರಿಯುತ್ತಿರುವ ಎಚ್ಚರಿಕೆ ದೀಪಗಳು, ಓಡಿದ ಕಿಲೋಮೀಟರ್, ಟ್ಯಾಂಕಿನ ಮುಳ್ಳು, ಇಂಜಿನ್ ಬಿಸಿಯ ಮುಳ್ಳು ಕಾಣಲಿ. ಸ್ಟಾರ್ಟ್ ಮಾಡುವ ಪ್ರಯತ್ನವನ್ನೂ ಸದ್ದಿನ ಸಮೇತ ತೆಗೆಯಿರಿ. ಎಷ್ಟು ನಿಮಿಷದ ಮೇಲೆ ಮತ್ತೆ ಸ್ಟಾರ್ಟ್ ಆಯಿತು ಎಂಬುದು ತುಂಬಾ ಮುಖ್ಯ, ಅದನ್ನು ಬರೆದಿಡಿ. ಟೋ ಮಾಡಿಸಿದರೆ ಬಿಲ್ ಬಿಡಬೇಡಿ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಒಂದು ಸಣ್ಣ ಒಬಿಡಿ ಸ್ಕ್ಯಾನರ್ ಕೊಳ್ಳುವುದು ಒಳ್ಳೆಯದು. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವಂಥವು ಒಂದೆರಡು ಸಾವಿರದೊಳಗೆ ಸಿಗುತ್ತವೆ. ಆಫ್ ಆದ ಕೂಡಲೇ ಕೋಡ್ ಓದಿ ಸ್ಕ್ರೀನ್‌ಶಾಟ್ ತೆಗೆದಿಡಿ. ಪಿ0087 ಅಂದರೆ ಇಂಧನದ ಒತ್ತಡ ಕಮ್ಮಿ. ಪಿ0230 ಅಂದರೆ ಪಂಪಿನ ಕರೆಂಟ್ ದಾರಿಯಲ್ಲಿ ತೊಂದರೆ. ಪಿ0171 ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ, ಇದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ. ಕೋಡ್ ಬಂದ ಕ್ಷಣದ ವೇಗ, ಆರ್‌ಪಿಎಂ, ಬಿಸಿ ಎಲ್ಲವನ್ನೂ ಗಾಡಿಯ ಕಂಪ್ಯೂಟರ್ ‘ಫ್ರೀಜ್ ಫ್ರೇಮ್’ ಆಗಿ ಉಳಿಸಿಕೊಂಡಿರುತ್ತದೆ. ಅದನ್ನೂ ಉಳಿಸಿಕೊಳ್ಳಿ.

ಬ್ಯಾಟರಿ ವೈರ್ ತೆಗೆದು ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಬೇಡ. ಉಳಿದಿದ್ದ ಕೋಡ್‌ಗಳೆಲ್ಲ ಅಳಿಸಿಹೋಗಬಹುದು.

ಸರ್ವಿಸ್ ಸೆಂಟರ್‌ನಲ್ಲಿ

ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅಲ್ಲಿನ ಅಡ್ವೈಸರ್ ನಿಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ‘ಸ್ಟಾರ್ಟಿಂಗ್ ಪ್ರಾಬ್ಲಂ’ ಎಂದು ಎರಡು ಪದ ಬರೆದರೆ ಮುಂದೆ ನಿಮ್ಮ ದೂರಿಗೆ ಬಲ ಇರುವುದಿಲ್ಲ. ಮನೆಯಿಂದಲೇ ಹೀಗೆ ಬರೆದುಕೊಂಡು ಹೋಗಿ, ಇಮೇಲ್ ಕೂಡ ಮಾಡಿ:

“ಮಧ್ಯಾಹ್ನ ಸುಮಾರು 2 ಗಂಟೆಗೆ, ಒಂದು ಗಂಟೆ ಓಡಿಸಿದ ಮೇಲೆ, ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ ಎಳೆತ ಕಮ್ಮಿಯಾಗಿ ಇಂಜಿನ್ ನಿಂತಿತು. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಸ್ಟಾರ್ಟರ್ ತಿರುಗುತ್ತಿತ್ತು, ಇಂಜಿನ್ ಹಿಡಿಯಲಿಲ್ಲ. 25 ನಿಮಿಷದ ನಂತರ ಸ್ಟಾರ್ಟ್ ಆಯಿತು. ಪಿ0087 ಕೋಡ್ ಬಂದಿದೆ, ಚಿತ್ರ ಲಗತ್ತಿಸಿದ್ದೇನೆ. ಗಾಡಿ ಬಿಸಿ ಇದ್ದಾಗ, ಇದೇ ಪೆಟ್ರೋಲ್ ಮಟ್ಟದಲ್ಲಿ, ಇಂಧನ ಒತ್ತಡ ಅಳೆದು ಫಲಿತಾಂಶ ಬರೆದುಕೊಡಿ. ಚಾಸಿಸ್ ನಂಬರ್‌ಗೆ ರೀಕಾಲ್ ಬಾಕಿ ಇದೆಯೇ ತಿಳಿಸಿ.”

ಕೊನೆಯ ಎರಡು ವಾಕ್ಯಗಳೇ ಇದರ ಜೀವ. ತಣ್ಣಗಿರುವ ಗಾಡಿಯ ಒತ್ತಡ ಸರಿ ಇದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ತಂತ್ರಜ್ಞ ಗೇಜ್ ಹಾಕಿಯೋ, ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ದಾಖಲಿಸುತ್ತಲೋ ಗಾಡಿ ಬಿಸಿಯಾಗುವವರೆಗೆ ಓಡಿಸಬೇಕು. ಪಂಪ್ ಎಳೆಯುವ ಕರೆಂಟನ್ನೂ ಅಳೆಯಲು ಹೇಳಿ. ಸಿಕ್ಕಿಕೊಳ್ಳುತ್ತಿರುವ ಪಂಪ್ ಮಾಮೂಲಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗುವುದಾದರೆ ನೀವೂ ಜೊತೆಗೆ ಕೂತು ಹೋಗಿ.

‘ಏನೂ ತೊಂದರೆ ಕಾಣಲಿಲ್ಲ’ ಎಂದು ವಾಪಸ್ ಕೊಟ್ಟರೆ ಹಾಗೆಂದೇ ಲಿಖಿತವಾಗಿ ಪಡೆಯಿರಿ. ಮುಂದೆ ಗಾಡಿ ಮತ್ತೆ ನಿಂತಾಗ ಆ ಕಾಗದ ನಿಮ್ಮ ಪರವಾಗಿ ನಿಲ್ಲುತ್ತದೆ. ಪಂಪ್ ಬದಲಾಯಿಸಿದರೆ ಬಿಲ್‌ನಲ್ಲಿ ಪಾರ್ಟ್ ನಂಬರ್ ಇರಲಿ, ಅದು ರೀಕಾಲ್ ನಂತರದ ಸುಧಾರಿತ ಪಂಪೇ ಎಂದು ಕೇಳಿ. ದುಡ್ಡು ಕೊಟ್ಟು ಮಾಡಿಸಿದ್ದಾದರೆ ಹಳೆಯ ಪಂಪನ್ನು ಕೇಳಿ ತಗೊಳ್ಳಿ. ನಂತರ ರೀಕಾಲ್ ಬಂದರೆ ದುಡ್ಡು ವಾಪಸ್ ಕೇಳಲು ಬಿಲ್ ಬೇಕಾಗುತ್ತದೆ. ಈ ಕೆಲಸವನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ತೆರೆದ ಪೆಟ್ರೋಲ್ ಟ್ಯಾಂಕಿನ ಆವಿಗೆ ಒಂದು ಕಿಡಿ ಸಾಕು.

ಅಲ್ಲಿ ಕೆಲಸ ಆಗದಿದ್ದರೆ

ಮೊದಲು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್. ಡೀಲರ್ ಬೇರೆ, ಕಂಪನಿ ಬೇರೆ ಎಂಬುದು ನೆನಪಿರಲಿ. ಜಾಬ್ ಕಾರ್ಡ್‌ಗಳು, ವಿಡಿಯೊ, ಕೋಡ್ ಎಲ್ಲ ಲಗತ್ತಿಸಿ, ಉತ್ತರಕ್ಕೆ 15 ದಿನದ ಗಡುವು ಕೊಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೂ ಮಾತಾಡಬಹುದು.

ಜೊತೆಗೇ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ರೀಕಾಲ್ ದೂರು ದಾಖಲಿಸಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ, 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಇದಕ್ಕೆ ಆಧಾರ. ಏಳು ವರ್ಷಕ್ಕಿಂತ ಹಳೆಯದಲ್ಲದ ಗಾಡಿಗಳಿಗೆ ಇದು ಅನ್ವಯ. ಒಂದೇ ಮಾಡೆಲಿನ ಬಗ್ಗೆ ನಿಗದಿಯಾದಷ್ಟು ದೂರು ಬಂದರೆ ಸರ್ಕಾರ ತನಿಖೆ ಮಾಡಿಸಿ ರೀಕಾಲ್‌ಗೆ ಆದೇಶ ಕೊಡಬಹುದು. ಇಲ್ಲಿ ಸಂಖ್ಯೆಗೇ ಬೆಲೆ. ನಿಮ್ಮ ಮಾಡೆಲಿನ ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ ಬೈದರೆ ಆ ಲೆಕ್ಕಕ್ಕೆ ಒಂದೂ ಸೇರುವುದಿಲ್ಲ. ಪ್ರತಿಯೊಬ್ಬರೂ ಅವರವರ ಚಾಸಿಸ್ ನಂಬರ್ ಹಾಕಿ ದೂರು ಕೊಡಬೇಕು. ದಯವಿಟ್ಟು ಕೊಡಿ, ಇದು ನಿಮ್ಮೊಬ್ಬರ ಗಾಡಿಯ ವಿಷಯ ಅಲ್ಲ.

ಪರಿಹಾರ ಬೇಕು, ಗಾಡಿ ಬದಲಾಯಿಸಿ ಕೊಡಬೇಕು ಎಂದಾದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಗಾಡಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲೇ ಹಾಕಬಹುದು. ಗಾಡಿ ಬೇರೆ ಊರಿನಲ್ಲಿ ಕೊಂಡಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ, ಇಪ್ಪತ್ತರಿಂದ ಐವತ್ತು ಲಕ್ಷದವರೆಗೆ 1,000. ವಕೀಲರು ಇರಲೇಬೇಕೆಂದಿಲ್ಲ. ಡೀಲರ್ ಮತ್ತು ತಯಾರಕ ಇಬ್ಬರನ್ನೂ ಪ್ರತಿವಾದಿ ಮಾಡಿ. ಎರಡು ವರ್ಷದ ಕಾಲಮಿತಿ ಇದೆ, ‘ನೋಡೋಣ ಸರ್, ಮುಂದಿನ ಸರ್ವಿಸ್‌ನಲ್ಲಿ ಮಾಡೋಣ’ ಎಂಬ ಮಾತು ನಂಬಿ ಅದನ್ನು ಕಳೆದುಕೊಳ್ಳಬೇಡಿ. ಉತ್ಪಾದನಾ ದೋಷ ಎಂದು ವಾದಿಸುವಾಗ ಆಯೋಗ ಸಾಮಾನ್ಯವಾಗಿ ತಜ್ಞರ ವರದಿ ಬಯಸುತ್ತದೆ. ಪರೀಕ್ಷೆಗೆ ಕಳಿಸಿ ಎಂದು ನೀವೇ ಆಯೋಗವನ್ನು ಕೇಳಬಹುದು. ವಾಪಸ್ ತಗೊಂಡ ಹಳೆಯ ಪಂಪ್ ಉಪಯೋಗಕ್ಕೆ ಬರುವುದು ಇಲ್ಲೇ.

ಹೊಸ ಪಂಪ್ ಕೂತ ಮೇಲೆ

ಮೊದಲ ದಿನವೇ ಕುಟುಂಬ ಕರೆದುಕೊಂಡು ಘಾಟಿ ಇಳಿಯಬೇಡಿ. ಮೊದಲು ಹಿಂದಿನ ಸೀಟಿನ ಹತ್ತಿರ ಪೆಟ್ರೋಲ್ ವಾಸನೆ ಬರುತ್ತಿದೆಯೇ ನೋಡಿ, ಬಂದರೆ ಆವತ್ತೇ ವಾಪಸ್ ಒಯ್ಯಿರಿ, ಸೀಲ್ ಸರಿಯಾಗಿ ಕೂತಿರುವುದಿಲ್ಲ. ಆಮೇಲೆ ಹಿಂದೆ ಆಫ್ ಆಗಿದ್ದ ಹೊತ್ತು, ಬಿಸಿಲು, ಟ್ಯಾಂಕಿನ ಮಟ್ಟ ಎಲ್ಲ ಒಂದೇ ಇರುವಂತೆ, ಬದಿಗೆ ನಿಲ್ಲಿಸಲು ಜಾಗ ಇರುವ ರಸ್ತೆಯಲ್ಲಿ, ಸ್ಕ್ಯಾನರ್ ಹಾಕಿಕೊಂಡೇ ಓಡಿಸಿ ನೋಡಿ. ಮತ್ತೆ ಜಗ್ಗಿದರೆ ಹೊಸ ಜಾಬ್ ಕಾರ್ಡ್ ಮಾಡಿಸಿ, ಹಳೆಯ ಜಾಬ್ ಕಾರ್ಡಿನ ನಂಬರನ್ನು ಅದರಲ್ಲಿ ಬರೆಸಿ. ರೀಕಾಲ್‌ನಲ್ಲಿ ಆದ ಕೆಲಸವಾದರೆ ಒಂದು ವಾರ ಬಿಟ್ಟು ಕಂಪನಿಯ ತಾಣದಲ್ಲಿ ಚಾಸಿಸ್ ನಂಬರ್ ಇನ್ನೊಮ್ಮೆ ಹಾಕಿ, ರೀಕಾಲ್ ಮುಗಿದಿದೆ ಎಂದು ತೋರಿಸುತ್ತಿದೆಯೇ ನೋಡಿ. ಆ ಪುಟದ ಪ್ರತಿಯನ್ನು ಆರ್‌ಸಿ ಜೊತೆ ಇಟ್ಟರೆ ಗಾಡಿ ಮಾರುವಾಗ ಕೊಳ್ಳುವವರಿಗೆ ತೋರಿಸಬಹುದು.